ಒತ್ತಾಗಿ ಬೆಳೆದ ಟರ್ನಿಪ್ ಸಸಿಗಳು

ಕಾಂತಿ ಮಗಾ,

ಅಜ್ಜನ ಮದ್ದಿಗೆ ಪಾಣೆಮಂಗಳೂರಿಗೆ ಹೋಗುತ್ತಿದ್ದೇನೆ, ನಾಲ್ಕು ಗಂಟೆಯ ಬಸ್ಸಿಗೆ ಬರುತ್ತೇನೆ. ಶಾಲೆಯಿಂದ ಬಂದವಳು ಮೊದಲು ಗಂಜಿ ಉಣ್ಣು. ಚಟ್ನಿ ಮುಚ್ಚಿಟ್ಟದ್ದು ಉಂಟು.

ನಿನ್ನೆ ನಾನು ಕಿತ್ತು ಬಿಸಾಡಿದ ಟರ್ನಿಪ್ ಸಸಿಗಳನ್ನೆಲ್ಲ ನೀನು ಬೇಲಿಯ ಬದಿಯಲ್ಲಿ ನೆಟ್ಟು ನೀರು ಹಾಕಿದ್ದನ್ನು ಬೆಳಿಗ್ಗೆ ಕಂಡೆ. ಅವು ಬಾಡಿವೆ. ನೋಡಿ ಅಳಬೇಡ.

"ಯಾವುದನ್ನು ಕೀಳುವುದೂಂತ ನಿಂಗೆ ಹೇಗೆ ಗೊತ್ತಾಗ್ತದೆ ಅಮ್ಮ?" ಎಂದು ಕೇಳಿದೆಯಲ್ಲ. ಹೋದ ವರ್ಷ ನಿಮ್ಮಿಬ್ಬರನ್ನೂ ಪಾತಿಯ ಬಳಿ ಕೂರಿಸಿಕೊಂಡು, ಎರಡು ಅಂಟಿಕೊಂಡು ಹುಟ್ಟಿದರೆ ಒಂದು ಹೋಗಬೇಕು, ಆಗಲೇ ಇನ್ನೊಂದಕ್ಕೆ ಗಡ್ಡೆ ಬರುವುದು ಎಂದವಳು ನಾನೇ. ಅದು ಟರ್ನಿಪ್ಪಿನ ಮಾತು ಮಗಾ. ಒಂದೇ ಹೊಟ್ಟೆಯಲ್ಲಿ ಒಟ್ಟಿಗೆ ಬೆಳೆದ ನಿಮಗೆ ಹೇಳಿದ್ದಲ್ಲ. ಆಟಿ ತಿಂಗಳ ಮಳೆಯಲ್ಲಿ ಶಾಂತಿಯನ್ನು ಜ್ವರ ಕೊಂಡುಹೋಯಿತು. ನಿನಗೆ ಜಾಗವಾಗಲಿ ಎಂದು ಅವಳನ್ನು ಯಾರೂ ಕಿತ್ತದ್ದಲ್ಲ.

ಕರೆಯುವಾಗ ಈಗಲೂ ನನ್ನ ಬಾಯಿಗೆ ಎರಡು ಹೆಸರೂ ಬರುತ್ತವೆ. ನೀನು ಎರಡು ಸಲ "ಓ" ಎನ್ನುತ್ತೀ. ಎರಡನೆಯದು ಅವಳದೇ ಸ್ವರ. ಹಾಗೆ ಮಾಡಬೇಡ ಎನ್ನಬೇಕೆಂದು ದಿನವೂ ಅಂದುಕೊಳ್ಳುತ್ತೇನೆ. ಮತ್ತೆ ಅದನ್ನೇ ಕೇಳಲು ಕರೆಯುತ್ತೇನೆ.

ಕೋಳಿಗಳನ್ನು ಪಾತಿಗೆ ಬಿಡಬೇಡ. ಬಿಸಿಲು ಇಳಿದ ಮೇಲೆ ನೀರು ಹಾಕು.

ಸಸಿ ಕೀಳುವುದು ಇನ್ನು ಬೇಡ. ಬೀಜ ಕೊಟ್ಟ ಗ್ರಾಮಸೇವಕರು ಬಂದು ಕೇಳಿದರೆ ನಾನೇ ಏನಾದರೂ ಹೇಳುತ್ತೇನೆ. ಒತ್ತಾಗಿದ್ದರೆ ಗಡ್ಡೆ ಬರುವುದಿಲ್ಲ, ಬಾರದಿರಲಿ. ಈ ವರ್ಷ ನಾವು ಸೊಪ್ಪನ್ನೇ ತಿನ್ನುವ.

ಅಮ್ಮ