ಬಿಕ್ಕಳಿಕೆ ನಿಂತ ಹೆಸರು

ಅಪ್ಪನಿಗೆ,

ಓದು ಬಾರದವನಿಗೆ ಇವನೆಂಥ ಕಾಗದ ಬರೆದ ಅಂತ ಗೊಣಗಬೇಡ. ನೀನಿರುವ ಕಡೆ ಓದಿ ಹೇಳುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ.

ಎಮರ್ಜೆನ್ಸಿಯ ಆ ಬೇಸಿಗೆ ನೆನಪಿದೆಯಾ? ರಾಮಗಿರಿ ಗುಡ್ಡದ ಕೆಳಗೆ ಕುರಿಗಳ ನಡುವೆಯೇ ನೀನು ಕುಸಿದಿದ್ದೆ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎದೆಯ ಚರ್ಮದಡಿ ಪೇಸ್‌ಮೇಕರ್ ಇಟ್ಟು, ಅದರ ತಂತಿಯನ್ನು ರಕ್ತನಾಳದೊಳಗಿಂದ ಹೃದಯಕ್ಕೆ ಇಳಿಸಿ ಕಳಿಸಿದರು. ನಿಂತ ಮರಿಯ ಬೆನ್ನು ತಟ್ಟಿ ನಡೆಸಿದ ಹಾಗೆ ಅಂತ ನೀನೇ ಊರಿಗೆಲ್ಲ ವಿವರಿಸಿದ್ದು.

ಅದಾದ ಸ್ವಲ್ಪ ದಿನಕ್ಕೇ ಬಿಕ್ಕಳಿಕೆ ಶುರುವಾಯಿತು. ನೀರಿಗೂ ಜಗ್ಗಲಿಲ್ಲ, ಬೆಲ್ಲಕ್ಕೂ ಜಗ್ಗಲಿಲ್ಲ. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅಂತ ಅವ್ವ ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದಳು. ಹೊಸದುರ್ಗದ ಮಾವ ಆಯಿತು, ಹೊಳಲ್ಕೆರೆಯ ಚಿಕ್ಕಮ್ಮ ಆಯಿತು. ಕೊನೆಗೆ ಮನೆಯಲ್ಲಿ ಹೇಳಬಾರದಿದ್ದ ಹೆಸರನ್ನು ಹೇಳಿಬಿಟ್ಟಳು. ಈರಕ್ಕ. ನಿನ್ನ ಮಾತು ಮೀರಿ ತುರುವನೂರಿನ ಲಾರಿ ಡ್ರೈವರನ್ನು ಮದುವೆಯಾದ ನನ್ನ ಅಕ್ಕ. ನೀನು ದಡಕ್ಕನೆ ಎದ್ದು ಕೂತು ಬಾಗಿಲ ಕಡೆ ತಿರುಗಿದೆ. ಬಿಕ್ಕಳಿಕೆ ನಿಂತಿತು. ಮಲಗಿದರೆ ಮತ್ತೆ ಬರುತ್ತಿತ್ತು. ಆ ಹೆಸರು ಕೇಳಿ ಎದ್ದು ಕೂತರೆ ನಿಲ್ಲುತ್ತಿತ್ತು.

"ಅವಳೇ ಕಣಲೇ ನೆನೆಸ್ಕಂತಿರೋದು. ಹೋಗಿ ಕರ್ಕಂಬಾ," ಅಂದೆ ನೀನು. ಅಷ್ಟು ವರ್ಷದ ಹಟ ಒಂದು ಬಿಕ್ಕಳಿಕೆಗೆ ಸೋತಿತ್ತು.

ಅಕ್ಕ ಬಂದು ನಿನ್ನ ಪಕ್ಕ ಕೂತಳು. ಆದರೂ ಬಿಕ್ಕಳಿಕೆ ನಿಲ್ಲಲಿಲ್ಲ. "ನಾನು ಬಂದ್ಮೇಲೂ ಯಾಕ್ ಬರ್ತೈತಪ್ಪ?" ಅಂದಳು. ನಮಗ್ಯಾರಿಗೂ ಹೊಳೆಯದಿದ್ದ ಪ್ರಶ್ನೆ ಅದು. ಇನ್ಯಾರೋ ಇರಬೇಕು ಬಿಡು ಅನ್ನಲು ಬಾಯಿ ತೆರೆದ ನೀನು, ಮಾತು ಮುಗಿಸುವ ಮೊದಲೇ ಕಣ್ಣು ಮೇಲಾಗಿ...

ಭಾವನ ಲಾರಿಯಲ್ಲೇ ಚಿತ್ರದುರ್ಗ ಮುಟ್ಟಿದೆವು. ಡಾಕ್ಟರು ಒಂದು ಕೈಯನ್ನು ನಿನ್ನ ಹೊಟ್ಟೆಯ ಮೇಲೆ, ಇನ್ನೊಂದನ್ನು ನಾಡಿಯ ಮೇಲೆ ಇಟ್ಟರು. ಹೊಟ್ಟೆ ಒಂದೇ ಸಮನೆ ಎಗರುತ್ತಿತ್ತು, ನಾಡಿ ನಡುನಡುವೆ ತಪ್ಪುತ್ತಿತ್ತು. ಇಸಿಜಿಯಲ್ಲೂ ಹಾಗೇ: ಯಂತ್ರ ತಟ್ಟಿದ್ದಕ್ಕೆಲ್ಲ ಹೃದಯ ಓಗೊಡುತ್ತಿರಲಿಲ್ಲ. ಎದುರಿನಿಂದ ತೆಗೆದ ಎಕ್ಸ್‌ರೇ ಮಾತ್ರ ಸರಿಯಾಗಿಯೇ ಕಾಣುತ್ತಿತ್ತು. "ಪಕ್ಕಕ್ಕೆ ತಿರುಗಿಸಿ ಇನ್ನೊಂದು ತೆಗೀರಿ," ಅಂದರು. ನಿನಗೆ ನಿಲ್ಲಲು ತ್ರಾಣವೆಲ್ಲಿತ್ತು? ಯಾರ ಮುಖ ನೋಡಲ್ಲ ಅಂದಿದ್ದೆಯೋ ಆ ಭಾವನೇ ನಿನ್ನನ್ನು ಹಿಡಿದು ನಿಲ್ಲಿಸಿದ.

ಫಿಲ್ಮ್ ತೊಳೆದು ಬರುವ ತನಕ ನೀನು ಆಚೆ ಬೆಂಚಿನ ಮೇಲೆ ಅಕ್ಕನಿಗೆ ಒರಗಿದ್ದೆ. ಒಳಗೆ ನನ್ನೊಬ್ಬನನ್ನೇ ಕರೆದರು. "ಮುಂದಕ್ಕೆ ಬಾಗಬೇಕಾದ ತಂತಿ ಹಿಂದಕ್ಕೆ ಹೋಗಿದೆ," ಅಂದರು ಡಾಕ್ಟರು. "ಬೇರೆ ನಾಳಕ್ಕೆ ಸೇರ್ಕೊಂಡಿದೆ. ಹೃದಯಕ್ಕೆ ಹೋಗಬೇಕಾದ ಏಟು ಎದೆಗೂ ಹೊಟ್ಟೆಗೂ ನಡುವಿನ ಪೊರೆಗೆ ಬೀಳ್ತಿದೆ. ಬಿಕ್ಕಳಿಕೆ ಅದರದ್ದೇ. ಎದ್ದು ಕೂತ್ರೆ ತಂತಿ ಸ್ವಲ್ಪ ಸರಿಯುತ್ತೆ, ಆಗ ನಿಲ್ಲುತ್ತೆ ಅಷ್ಟೇ. ಈಗಲೇ ಬೆಂಗಳೂರಿಗೆ ಹೊರಡಿ."

ಹಿರಿಯೂರು ದಾಟುವಾಗ ನಿನ್ನ ನಾಡಿ ಕೈಗೆ ಸಿಗದೆ ನಾನು ಅತ್ತೇಬಿಟ್ಟೆ. ಅಕ್ಕ ಮಾತ್ರ ಅಳಲಿಲ್ಲ. ನಿನ್ನ ಕೆನ್ನೆ ತಟ್ಟುತ್ತಾ, ಕುರಿಗಳ ಹೆಸರು ಕೇಳುತ್ತಾ ದಾರಿಯುದ್ದಕ್ಕೂ ಮಾತಾಡಿಸಿದಳು.

ಬೆಂಗಳೂರಿನಲ್ಲಿ ತಂತಿ ಸರಿಯಾದ ಜಾಗ ಸೇರಿತು, ಬಿಕ್ಕಳಿಕೆಯೂ ಹೋಯಿತು. ಕಾರಣ ನಿನಗೆ ಹೇಳಲು ಅಕ್ಕ ಬಿಡಲಿಲ್ಲ. "ನಾನು ನೆನೆಸ್ಕಂಡಿದ್ಕೇ ಅಂತ ಅಪ್ಪ ನಂಬ್ಕಂಡೈತೆ. ಇರ್ಲಿ ಬಿಡು," ಅಂದಳು. ಕೊನೆಯ ತನಕ ನೀನು ಅದನ್ನೇ ಹೇಳಿಕೊಂಡು ತಿರುಗಿದೆ.

ಮೊನ್ನೆ ನಿನ್ನ ತಿಥಿ ಮುಗಿದ ಮೇಲೆ ಅಕ್ಕನನ್ನು ಕೇಳಿದೆ. ಆಗ ನಿಜವಾಗಿಯೂ ಅಪ್ಪನನ್ನು ನೆನೆಸಿಕೊಳ್ಳುತ್ತಿದ್ದೆಯಾ?

"ಇಲ್ಲ ಕಣೋ. ಸಿಟ್ಟಿಗೆ ಒಂದ್ಸಲಾನೂ ನೆನೆಸ್ಕಂಡಿರ್ಲಿಲ್ಲ," ಅಂದಳು. ಎಲೆ ತೆಗೆದು, ನೆಲ ಒರೆಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು: "ಈಗ ನೋಡು, ಅಲ್ಲಿ ಅಪ್ಪಂಗೆ ಬಿಕ್ಳಿಕೆ ನಿಲ್ಲಂಗೇ ಇಲ್ಲ."