ಎಲ್ಲರೂ ಹೊರಗೆ ಬರುವ ಸೀನು

ಜನವರಿ 9, 2023

ಬೆಳಗಿನ ಬ್ಯಾಚ್ ಮುಗಿಯಿತು. ಇಪ್ಪತ್ತೆರಡು ಜನ, ಹದಿನಾಲ್ಕು ಕಂಪ್ಯೂಟರ್. ಇವತ್ತು ಒಂದು ಶಾಟ್ ಇನ್ನೊಂದರಲ್ಲಿ ಕರಗುವ ಡಿಸಾಲ್ವ್ ಹೇಳಿಕೊಟ್ಟೆ. ಎಲ್ಲರೂ ಎಲ್ಲ ಕಡೆ ಹಾಕಿಟ್ಟರು. ಅಮೀರ್‌ಪೇಟ್‌ನ ಈ ಮೂರನೇ ಮಹಡಿಯಲ್ಲಿ ಎಡಿಟಿಂಗ್ ಕಲಿಸಲು ಶುರುಮಾಡಿ ಆರು ವರ್ಷ.

ಹನ್ನೊಂದಕ್ಕೆ ಫೋನ್. ಯಾರೋ ಗಗನ. ದೊಡ್ಡ ಸ್ಟುಡಿಯೋದ ಹೆಸರು ಹೇಳಿದ. ಇನ್ಶೂರೆನ್ಸ್‌ನವನು ಎಂದುಕೊಂಡು ಕಟ್ ಮಾಡಿದೆ. ಮತ್ತೆ ಮಾಡಿದ.

"ಗುರುದೇವಿ ಮೇಡಂ, ನಿಮ್ಮ ಸಿನಿಮಾ ನೋಡೀನ್ರಿ. ಎರಡು ಸಲ."

ನನ್ನ ಸಿನಿಮಾ ಈ ಊರಲ್ಲಿ ಓಡಿದ್ದು ಒಂದೇ ಮಲ್ಟಿಪ್ಲೆಕ್ಸಿನಲ್ಲಿ. ಬೆಳಿಗ್ಗೆ ಒಂಬತ್ತೂವರೆ ಶೋ, ನಾಲ್ಕು ದಿನ. ಅಪ್ಪ ಇಂಟರ್‌ವಲ್‌ಗೆ ಮೊದಲೇ ನಿದ್ದೆ ಹೋಗಿದ್ದರು. ಇವನು ಎಲ್ಲಿ ನೋಡಿದ?

ಸೂಪರ್‌ಹೀರೋ ಸಿನಿಮಾ ಅಂತೆ. ನಾನು ಡೈರೆಕ್ಟ್ ಮಾಡಬೇಕಂತೆ. ರಾಂಗ್ ನಂಬರ್ ಇರಬೇಕು. ಆದರೆ ಹೆಸರು ನನ್ನದೇ ಹೇಳಿದ...

ಜನವರಿ 13

ಸ್ಟುಡಿಯೋಗೆ ಹೋದೆ. ಗಗನ ಅಲ್ಲಿ ಕ್ರಿಯೇಟಿವ್ ಹೆಡ್. ಕಲಬುರಗಿಯವನು. ಬೇಕಾದಾಗ ಮಾತ್ರ ಕನ್ನಡ ಬರುತ್ತದೆ. ಟೇಬಲ್ ಮೇಲೆ ಹೀರೋನ ಪ್ಲಾಸ್ಟಿಕ್ ಗೊಂಬೆ. ಸಿನಿಮಾ ಇನ್ನೂ ಆಗಿಲ್ಲ, ಗೊಂಬೆ ಆಗಿದೆ.

ಹೀರೋಗೆ ಬೀಳುವುದನ್ನು ಹಿಡಿಯುವ ಶಕ್ತಿ. ಸೇತುವೆ, ಕ್ರೇನ್, ಕೊನೆಗೆ ಹದಿನೆಂಟು ಮಹಡಿಯ ಕಟ್ಟಡ. ಫೈಟುಗಳೆಲ್ಲ ಕಂಪ್ಯೂಟರಿನಲ್ಲಿ ಕಾರ್ಟೂನ್ ಥರ ಆಗಲೇ ಸಿದ್ಧ. ರಿಲೀಸ್ ದಿನವೂ ಫಿಕ್ಸ್.

"ಎಲ್ಲಾ ಆಗೇಬಿಟ್ಟೈತಲ್ಲ. ನಾ ಏನ್ ಮಾಡ್ಲಿ?"

"ಎಮೋಷನ್ ಮೇಡಂ. ನಿಮ್ಮ ಸಿನಿಮಾದಾಗ ಆ ಹೆಣ್ಮಗಳು ಸುಮ್ಮ ಕುಂತು ಬುತ್ತಿ ಬಿಚ್ಚತಾಳ ನೋಡ್ರಿ... ನನಗ ಅಳು ಬಂತು. ಅದು ನಮ್ಮ ಹತ್ರ ಇಲ್ಲ."

ಅಲ್ಲಿ ನಾನು ಏನೂ ಮಾಡಿರಲಿಲ್ಲ. ಗದಿಗೆಮ್ಮ ನಟಿಯಲ್ಲ, ಕಟ್ಟಡ ಕೆಲಸದವಳು. ಬುತ್ತಿ ಬಿಚ್ಚಿದಳು. ಕ್ಯಾಮೆರಾ ಆನ್ ಇತ್ತು, ಅಷ್ಟೇ.

ಹೀರೋನ ತಾಯಿಯ ಪಾರ್ಟ್ ಗದಿಗೆಮ್ಮನೇ ಮಾಡಬೇಕು ಎಂದೆ. ಅವನು ಆಗಲ್ಲ ಅಂತಾನೆ, ನಾನೂ ಆಗಲ್ಲ ಅಂತ ಎದ್ದು ಬರಬಹುದು ಎಂದುಕೊಂಡಿದ್ದೆ. "ಓಕೆ" ಎಂದುಬಿಟ್ಟ. ಮೆಟ್ರೋದಲ್ಲಿ ಇಳಿಯುವ ಸ್ಟೇಷನ್ ದಾಟಿ ಹೋದೆ.

ಜನವರಿ 14

ಅಪ್ಪನಿಗೆ ಹೇಳಿದೆ. ರೈಲ್ವೆಯಲ್ಲಿ ಮೂವತ್ತೈದು ವರ್ಷ ಗುಮಾಸ್ತ, ಈಗ ಸಿಕಂದರಾಬಾದಿನ ಮನೆಯಲ್ಲಿ ಪೇಪರು, ಟಿವಿ.

"ಹಾರತಾನೇನು ಅಂವಾ?"

"ಇಲ್ಲಪ್ಪಾ. ಹಿಡೀತಾನ."

"ಏನ್ ಹಿಡೀತಾನ?"

"ಬಿಲ್ಡಿಂಗ್."

ಪೇಪರು ಮಡಿಸಿಟ್ಟರು. "ಮಾಡವ್ವಾ. ನಿಂದು ಒಂದು ಸಿನಿಮಾ ಪೂರಾ ನೋಡೂಣು" ಎಂದರು. ಅದು ಆಶೀರ್ವಾದವೋ ಟೀಕೆಯೋ...

ಫೆಬ್ರವರಿ 2

ನರಸಿಂಗಿ ಕಡೆ ಸೈಟಿಗೆ ಹೋದೆ. ಗದಿಗೆಮ್ಮ ತಗಡಿನ ಶೆಡ್ಡಿನ ಮುಂದೆ ಬುಟ್ಟಿ ತೊಳೆಯುತ್ತಿದ್ದಳು. ಯಾದಗಿರಿ ಕಡೆಯವಳು. ಹದಿನೈದು ವರ್ಷದಿಂದ ಇಲ್ಲಿ ಇಟ್ಟಿಗೆ, ಮರಳು ಹೊರುತ್ತಾಳೆ. 2019ರಲ್ಲಿ ಒಂದು ಸೈಟಿನಲ್ಲಿ ಸ್ಲ್ಯಾಬ್ ಬಿತ್ತು. ಏಳು ಜನ ಹೋದರು. ಅವಳ ಗಂಡ ಹುಲಗೇಶ ಒಬ್ಬ. ನನ್ನ ಮೊದಲ ಸಿನಿಮಾ ಅವಳ ಕೆಲಸದ ದಿನಗಳ ಬಗ್ಗೆ. ಅದರಲ್ಲಿ ಸ್ಲ್ಯಾಬಿನ ಸುದ್ದಿ ಇಲ್ಲ. ಬೇಡ ಎಂದಿದ್ದಳು.

ಈಗ ಈ ಕಥೆಯಲ್ಲಿ ಕಟ್ಟಡ ಬೀಳುತ್ತದೆ. ಹೇಳದೆ ಇರಲು ಆಗುವುದಿಲ್ಲ. ಹೇಳಿದೆ.

ಬುಟ್ಟಿ ಬೋರಲು ಹಾಕಿದಳು. "ಅಂವಾ ಹಿಡೀತಾನ ಅಂದ್ರಲ್ಲ?"

"ಹಿಡೀತಾನ."

"ಹಂಗಾರ ಬರತೀನಿ."

ನವೆಂಬರ್ 21

ತಿಂಗಳುಗಟ್ಟಲೆ ಬರೆದಿಲ್ಲ. ಶೂಟಿಂಗ್ ಮೂವತ್ತನಾಲ್ಕನೇ ದಿನ. ಇನ್ನೂರ ಅರವತ್ತು ಜನರ ಯೂನಿಟ್. ಅರ್ಧ ಜನರ ಕೆಲಸ ಏನೆಂದು ಇನ್ನೂ ಗೊತ್ತಿಲ್ಲ. ಯಾರೋ ಕೇಳುತ್ತಾರೆ, ಹೂಂ ಎನ್ನುತ್ತೇನೆ, ಏನೋ ಆಗುತ್ತದೆ.

ಇವತ್ತು ಕಟ್ಟಡದ ಸೀನು. ಕಟ್ಟಡ ಇಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ಬರುತ್ತದೆ. ಸುತ್ತ ಹಸಿರು ಬಟ್ಟೆ. ಬಾಗಿಲು ಎಂದರೆ ಎರಡು ಹಸಿರು ಕಂಬ. ಹೀರೋ ಮೇಲೆ ಹಗ್ಗದಲ್ಲಿ, ಎರಡೂ ಕೈ ಎತ್ತಿ. ಕೆಳಗೆ ಗದಿಗೆಮ್ಮ. ಅವನನ್ನು ನೋಡಿ ಕೈಮುಗಿಯಬೇಕು, ತೆಲುಗಿನಲ್ಲಿ "ನನ್ನ ಮಗ" ಎನ್ನಬೇಕು. ಅಷ್ಟೇ.

ಮೊದಲ ಎರಡು ಟೇಕ್ ಸರಿಯಾಗಿ ಮಾಡಿದಳು. ಮೂರನೆಯದರಲ್ಲಿ ಮೇಲೆ ನೋಡಲೇ ಇಲ್ಲ. ಆ ಎರಡು ಕಂಬದ ನಡುವೆ ನೋಡುತ್ತಾ ಹೆಸರು ಹಿಡಿದು ಕರೆಯತೊಡಗಿದಳು. ಹುಲಗೇಶ. ಶರಣಕುಮಾರ. ಸಾವಿತ್ರಿಬಾಯಿ. ಪವನ... ಊಟಕ್ಕೆ ಕರೆಯುವ ಹಾಗೆ. ಏಳು ಹೆಸರು. ಗಂಡನ ಹೆಸರನ್ನೂ ಬಿಡಲಿಲ್ಲ.

ಹೀರೋ ಕೈ ಇಳಿಸಲಿಲ್ಲ. ಕಟ್ ಹೇಳಬೇಕಾದವಳು ನಾನು. ಹೇಳಲಿಲ್ಲ.

ಅದೇ ದಿನ, ಸಂಜೆ 6

ವ್ಯಾನಿನಲ್ಲಿ ಟೀ ಕುಡಿಯುತ್ತಿದ್ದಳು. "ಬಾಯಿಗೆ ಬಂತ್ರಿ. ತಪ್ಪಾತೇನು?"

"ಇಲ್ಲ ಗದಿಗೆಮ್ಮ. ಭಾಳ ಛಲೋ ಆತು."

ಛಲೋ ಆಯಿತು ಎನ್ನುವ ಮಾತೇ ಅಲ್ಲಿ ಆಡಬಾರದಿತ್ತು. ಕ್ಯಾಮೆರಾ ಆಫ್ ಮಾಡಬೇಕಿತ್ತು. ಮಾಡಿದ್ದರೆ ಆ ಶಾಟ್ ಇರುತ್ತಿರಲಿಲ್ಲ. ಇದ್ದದ್ದಕ್ಕೆ ಖುಷಿಯಾಗಿದೆ. ಖುಷಿಯಾಗಿದೆ ಎಂದು ನಾಚಿಕೆಯೂ.

ಆಗಸ್ಟ್ 2, 2024

ನಾನು ಎಡಿಟ್ ಮಾಡಿದ ಕಟ್ ಗಗನನಿಗೆ ತೋರಿಸಿದೆ. ಗದಿಗೆಮ್ಮ ಹೆಸರು ಕರೆಯುತ್ತಾಳೆ. ಹೀರೋ ಕಟ್ಟಡ ಹಿಡಿದಿದ್ದಾನೆ. ಬಾಗಿಲಿನಿಂದ ಯಾರೂ ಬರುವುದಿಲ್ಲ. ಬರೀ ಧೂಳು. ಅವನು ಹಿಡಿದದ್ದು ತಡವಾಗಿದೆ.

ಗಗನ ಮೆತ್ತಗೆ ಕೇಳಿದ. "ಮೇಡಂ, ಹಿಡಿದ ಮ್ಯಾಲೂ ಮಂದಿ ಸತ್ರ, ಅಂವಾ ಯಾಕ ಬೇಕ್ರಿ?"

ಇನ್ನೊಮ್ಮೆ ನೋಡ್ರಿ ಎಂದು ಮೊದಲಿನಿಂದ ಹಾಕಿದೆ.

ಆಗಸ್ಟ್ 29

ರಿಲೀಸಿಗೆ ಮೊದಲು ಜನರಿಗೆ ತೋರಿಸಿ ನೋಡುವ ಟೆಸ್ಟ್ ಸ್ಕ್ರೀನಿಂಗ್. ಸ್ಟುಡಿಯೋದ ಎಡಿಟರ್ ಮಿಲಿಂದ ಬೆಳಿಗ್ಗೆಯೇ ಫೋನ್ ಮಾಡಿದ್ದ. "ನಿಮಗ ಮೊದಲ ಹೇಳಬೇಕು ಅನಿಸ್ತು. ಆ ಸೀನ್ ಬದಲಿ ಮಾಡಿಸ್ಯಾರ."

ಹೆಸರುಗಳಿಲ್ಲ. ಅವಳ ದನಿಯೂ ಇಲ್ಲ. ಯಾರೋ ಡಬ್ಬಿಂಗಿನವಳು "ನನ್ನ ಮಗ" ಎನ್ನುತ್ತಾಳೆ. ಡ್ರಮ್ಸ್. ಬಾಗಿಲಿನಿಂದ ಕೆಲಸದವರು ಒಬ್ಬೊಬ್ಬರೇ ನಡೆದು ಬರುತ್ತಾರೆ. ಕಂಪ್ಯೂಟರಿನ ಮಂದಿ. ಒಬ್ಬರೂ ಸಾಯುವುದಿಲ್ಲ. ಮುನ್ನೂರು ಜನ ಶಿಳ್ಳೆ ಹಾಕಿದರು.

ಪಕ್ಕದಲ್ಲಿ ಅಪ್ಪ. ಒಂದು ಕ್ಷಣವೂ ತೂಕಡಿಸಲಿಲ್ಲ. ಆ ಸೀನಿಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಟೋದಲ್ಲಿ, "ಚಂದ ಮಾಡೀಯವ್ವಾ" ಎಂದರು.

ಅದು ನಾನು ಮಾಡಿದ್ದಲ್ಲ ಎಂದು ಹೇಳಲಿಲ್ಲ. ಸಿಟ್ಟು ಬಂದಿದೆ. ಯಾರ ಮೇಲೆ?

ಆಗಸ್ಟ್ 30

ಕಾಂಟ್ರಾಕ್ಟ್ ತೆಗೆದು ಓದಿದೆ. ಬೇಡವಾದರೆ ಹೆಸರು ತೆಗೆಸಬಹುದು. ಐದನೇ ತಾರೀಖಿನೊಳಗೆ ಮೇಲ್ ಹೋಗಬೇಕು. ಬರೆದೆ. ಚೆನ್ನಾಗಿ ಬಂದಿದೆ. ಅತಿ ಚೆನ್ನಾಗಿ ಬಂದಿದೆ, ಅದೇ ಸಂಶಯ.

ಸೆಪ್ಟೆಂಬರ್ 2

ಗದಿಗೆಮ್ಮನನ್ನು ಎಡಿಟ್ ರೂಮಿಗೆ ಕರೆದುಕೊಂಡು ಹೋದೆ. ಅವಳಿಗೆ ಸಿಟ್ಟು ಬರಲಿ ಎಂದೇ. ಆ ಸಿಟ್ಟನ್ನು ನನ್ನ ಮೇಲ್‌ನಲ್ಲಿ ಸೇರಿಸೋಣ ಎಂದೇ. ಇಲ್ಲಿ ಸುಳ್ಳು ಬರೆದು ಏನಾಗಬೇಕು.

ಮಿಲಿಂದ ಮೊದಲು ನನ್ನ ಕಟ್ ಹಾಕಿದ. ಖಾಲಿ ಬಾಗಿಲು ಬಂದಾಗ ಮುಖ ಗೋಡೆ ಕಡೆ ತಿರುಗಿಸಿದಳು. ಆಮೇಲೆ ಅವರದು. ಮುಗಿದ ಮೇಲೆ, "ಇನ್ನೊಮ್ಮೆ ಹಾಕ್ರಿ." ಮೂರು ಸಲ ನೋಡಿದಳು.

"ಆ ಮೂರನೇದಾಂವ ಅದಾನಲ್ಲ, ಬಿಳಿ ಅಂಗಿ. ನಮ್ಮ ಮನ್ಯಾವರ ನಡಿಗಿ ಹಂಗ ಐತಿ."

ಮಿಲಿಂದ ನನ್ನನ್ನು ನೋಡಿದ. ಒಬ್ಬ ಆಫೀಸಿನವನನ್ನು ನಡೆಸಿ ಕಂಪ್ಯೂಟರಿನಲ್ಲಿ ನಲವತ್ತು ಜನ ಮಾಡಿದ್ದಾರೆ. ಇಬ್ಬರೂ ಹೇಳಲಿಲ್ಲ.

"ಗದಿಗೆಮ್ಮ, ಇದು ಸುಳ್ಳಲ್ಲೇನು?"

"ಸುಳ್ಳ ರಿ. ಗೊತ್ತೈತಿ. ಇದರಾಗ ಹೊರಗರ ಬರತಾರಲ್ಲ."

"ನಿನ್ನ ದನಿ ತಗದಾರ. ಹೆಸರೆಲ್ಲಾ ತಗದಾರ."

ಅದನ್ನು ಅವಳು ಗಮನಿಸಿದ್ದು ಆಗಷ್ಟೇ. ಮತ್ತೆ ಪರದೆ ನೋಡಿದಳು.

"ಅದು ತಪ್ಪು. ಕರೀದ ಹ್ಯಾಂಗ ಬರತಾರ್ರಿ?"

ಸೆಪ್ಟೆಂಬರ್ 4

ಮೇಲ್ ಅಳಿಸಿದೆ. ನೇರ ಗಗನನ ರೂಮಿಗೆ.

ಚಿತ್ರ ನಿಮ್ಮದು ಇರಲಿ, ದನಿ ಅವಳದು. ಏಳು ಹೆಸರು, ಒಂದೂ ಕಡಿಮೆ ಆಗಕೂಡದು. ಅಲ್ಲಿಯವರೆಗೆ ಡ್ರಮ್ಸ್ ಬೇಡ. ಇಲ್ಲವಾದರೆ ನನ್ನ ಹೆಸರು ತೆಗೀರಿ ಎಂದೆ.

"ತೆಲುಗು ಆಡಿಯನ್ಸ್ ಮೇಡಂ. ಯಾರು ಈ ಹುಲಗೇಶ ಅಂತಾರ."

"ಕೇಳಿದ್ರ ಹೇಳ್ರಿ."

"ಏನಂತ ಹೇಳಲಿ?"

"ಮಹಡಿ ಕಟ್ಟಾಂವ ಇದ್ದ ಅಂತ."

ಎದ್ದು ಹೋದ. ನಲವತ್ತು ನಿಮಿಷ ಬಿಟ್ಟು ಬಂದ. ಏಳನೇ ಹೆಸರು ಮುಗಿದ ಕೂಡಲೇ ಡ್ರಮ್ಸ್ ಶುರು, ಅದಕ್ಕೆ ಒಪ್ಪಿದರೆ ಸರಿ ಎಂದ. ಒಪ್ಪಿದೆ.

ಗೆದ್ದೆನಾ? ಖಾಲಿ ಬಾಗಿಲು ನನ್ನ ಸಿನಿಮಾ. ಅದು ಹೋಯಿತು. ಅದನ್ನು ಬಿಟ್ಟುಕೊಟ್ಟದ್ದು ಸ್ಟುಡಿಯೋಗೋ ಗದಿಗೆಮ್ಮನಿಗೋ, ಇನ್ನೂ ತಿಳಿಯದು.

ಅಕ್ಟೋಬರ್ 10

ರಿಲೀಸ್. ಸಿಕಂದರಾಬಾದಿನಲ್ಲಿ ಮ್ಯಾಟಿನಿಗೆ ಕೂತೆ. ಗದಿಗೆಮ್ಮ ಶೆಡ್ಡುಗಳಿಂದ ಹೆಂಗಸರನ್ನೆಲ್ಲ ಕರೆತಂದಿದ್ದಳು, ಎರಡು ಸಾಲು. ನನ್ನ ಪಕ್ಕದಲ್ಲಿ ಸೂಗಮ್ಮ. ಸ್ಲ್ಯಾಬಿನಡಿ ಹೋದ ಪವನನ ತಾಯಿ. ಸಿನಿಮಾ ಹಾಲಿಗೆ ಬಂದದ್ದು ಎರಡನೇ ಸಲವಂತೆ.

ಆ ಸೀನು ಬಂತು. ಹುಲಗೇಶ, ಎಂದಳು ಪರದೆಯ ಗದಿಗೆಮ್ಮ. ಶಿಳ್ಳೆ ನಿಂತಿತು. ಜನಕ್ಕೆ ಗೊಂದಲವಾಗಿತ್ತು, ಅಷ್ಟೇ ಇರಬಹುದು. ಪವನ ಎಂದಾಗ ಸೂಗಮ್ಮ ನನ್ನ ಮೊಣಕೈ ಹಿಡಿದಳು. ಬಾಗಿಲಿನಿಂದ ಒಬ್ಬೊಬ್ಬರೇ ಬಂದರು. ಏಳನೇ ಹೆಸರು. ಡ್ರಮ್ಸ್. ಕ್ಯಾಮೆರಾ ಹೀರೋ ಜೊತೆ ಮೇಲಕ್ಕೆ ಏರಿತು, ಹಾಲಿಗೆ ಹಾಲೇ ಎದ್ದು ನಿಂತಿತು. ಸೂಗಮ್ಮ ಏಳಲಿಲ್ಲ. ಪರದೆಯ ಕೆಳಗಿನ ಅಂಚನ್ನೇ ನೋಡುತ್ತಿದ್ದಳು.

ಹೊರಗೆ ಬಿಸಿಲು. ಜ್ಯೂಸ್ ಅಂಗಡಿ ಹತ್ತಿರ ಸೂಗಮ್ಮ ನನ್ನನ್ನು ನಿಲ್ಲಿಸಿದಳು.

"ಮೇಡಂ. ಅವರೆಲ್ಲಾ ಹೊರಗ ಬಂದ್ರಲ್ಲ... ಆಮ್ಯಾಲ ಎತ್ತಾಗ ಹೋದ್ರು?"

ನಾವು ಶೂಟ್ ಮಾಡಿಲ್ಲ. ಕಂಪ್ಯೂಟರಿನಲ್ಲೂ ಮಾಡಿಲ್ಲ. ಫ್ರೇಮಿನ ಆಚೆ ಅವರು ಇಲ್ಲವೇ ಇಲ್ಲ. ಆದರೆ ಹೆಂಗಸರೆಲ್ಲ ನಿಂತು ನನ್ನನ್ನು ನೋಡುತ್ತಿದ್ದರು, ಗದಿಗೆಮ್ಮ ಕೂಡ. ಮಾಡಿದವಳಿಗೆ ಗೊತ್ತಿರುತ್ತದೆ ಎಂದು.

"ಬಸ್ ಸ್ಟ್ಯಾಂಡ್ ಕಡೆ ಹೋದ್ರು" ಎಂದೆ.

"ಎಲ್ಲಾರೂ?"

"ಎಲ್ಲಾರೂ."

"ಪವನ?"

ಪವನ ಎಲ್ಲರಿಗಿಂತ ಮುಂದೆ ಇದ್ದ ಎಂದೆ. ಯಾದಗಿರಿ ಬಸ್ ನಿಂತಿತ್ತು ಎಂದೆ. ಜಾಗ ಸಿಕ್ಕಿತೇನು ಎಂದಳು. ಸಿಕ್ಕಿತು, ಕಿಟಕಿ ಪಕ್ಕದಲ್ಲೇ, ಅಂಗಿ ಮೇಲಿನ ಧೂಳು ಜಾಡಿಸಿಕೊಂಡು ಕೂತ ಎಂದೆ.