ದೇವರು ಮತ್ತು ಊರು

1664, ಮಾರ್ಚ್ 14. ಹಾರ್ಲ್‌ಸ್ಟೆಡ್.

ಆ ಮುದುಕಿಯ ಉತ್ತರ ಕಿವಿಯಿಂದ ಹೋಗುತ್ತಿಲ್ಲ.

ಪೆಟ್ರೊನೆಲ್ ಹಾಗ್, ಹಲ್ಲಿಲ್ಲದ ವಿಧವೆ. ಮಾಟದ ಆರೋಪ. "ನಿನ್ನ ವಿಚಾರಣೆ ಯಾರು ಮಾಡ್ಬೇಕು?" ಎಂದು ಗುಮಾಸ್ತ ಎಂದಿನಂತೆ ಕೇಳಿದ. "ದೇವರು ಮತ್ತು ನನ್ನ ಊರು" ಎನ್ನಬೇಕು, ಅದು ಕಟ್ಟಳೆ. ಊರೆಂದರೆ ಪಂಚರಾಗಿ ಕೂತ ಹನ್ನೆರಡು ಜನ ಊರವರು.

ಅವಳು ನ್ಯಾಯಪೀಠದಲ್ಲಿ ಕೂತಿದ್ದ ನನ್ನತ್ತ ತಿರುಗಿ, "ದೇವ್ರು, ಆಮೇಲೆ ನೀವು ಸ್ವಾಮಿ," ಎಂದಳು.

ಜನ ನಕ್ಕರು. "ಹಾಗಲ್ಲ ಕಣಜ್ಜಿ, ಊರು ಅನ್ನು," ಎಂದ ಗುಮಾಸ್ತ.

"ಊರೇ ಅಲ್ವೇನಪ್ಪಾ ನನ್ನ ಹಿಡ್ಕೊಂಡು ಬಂದಿರೋದು? ಅವರ ಮನೇಲಿ ಬೆಣ್ಣೆ ಬರದಿದ್ರೂ ನಾನೇ, ಹಸು ಸತ್ರೂ ನಾನೇ. ಈ ಸ್ವಾಮಿಗೆ ನನ್ನ ಮೇಲೆ ಯಾವ ಸಿಟ್ಟೂ ಇಲ್ಲ."

ಕಟ್ಟಳೆಯ ಮಾತು ಹೇಳದೆ ಹಟ ಹಿಡಿದವರ ಎದೆಯ ಮೇಲೆ, ಹೇಳುವವರೆಗೆ ಇಲ್ಲವೇ ಸಾಯುವವರೆಗೆ, ಕಲ್ಲು ಹೇರುತ್ತಾರೆ. ನಾನೇ ಬಾಗಿ ಮೆಲ್ಲಗೆ ಹೇಳಿದೆ: "ಊರು ಅನ್ನಮ್ಮ. ನಾನಿದೀನಲ್ಲ."

ಅವಳು ನನ್ನನ್ನು ನಂಬಿ "ದೇವ್ರು, ನನ್ನ ಊರು" ಎಂದಳು.

ಪಂಚರು ಎದ್ದು ಒಳಗೂ ಹೋಗಲಿಲ್ಲ, ಕೂತಲ್ಲೇ ತಪ್ಪಿತಸ್ಥೆ ಎಂದರು. ಶಿಕ್ಷೆ ತಡೆಹಿಡಿಯುವ ಅಧಿಕಾರ ನನಗಿತ್ತು. ಹೊರಗೆ ಜನ ಕೂಗುತ್ತಿದ್ದರು. ತಡೆದರೆ ಈ ನ್ಯಾಯಾಧೀಶನಿಗೆ ದೇವರಲ್ಲೇ ನಂಬಿಕೆಯಿಲ್ಲ ಎನ್ನುತ್ತಿದ್ದರು. ಗಲ್ಲು ಎಂದುಬಿಟ್ಟೆ. ನಾಳೆ ಅವಳನ್ನು ನೇಣಿಗೇರಿಸುವಾಗ ನನ್ನ ಗಾಡಿ ಮುಂದಿನ ಊರಿನ ನ್ಯಾಯಾಲಯದ ದಾರಿಯಲ್ಲಿರುತ್ತದೆ, ನಾನು ನೋಡಬೇಕಾಗಿಲ್ಲ.

ಅವಳು ಅಳಲಿಲ್ಲ, ಶಪಿಸಲಿಲ್ಲ. ಕರೆದೊಯ್ಯುವಾಗ ನಿಂತು, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

"ಸ್ವಾಮಿ, ನಿಮ್ದೂ ಇದೇ ಊರಾ?"